ಹಾಡು ಬೇಕು, ಹಾಡಿದವರ ಹೆಸರು ಬೇಡವೆ?

ಗೆಳೆಯರು ಗೆಳೆಯರಿಗೆ ಹಾಡು ಹಂಚುವುದು ತಪ್ಪೆಂದು ನಾವು ಹೇಳುವುದಿಲ್ಲ. ನಾವೂ ಹಂಚಿದವರೇ, ಇನ್ನೂ ಹಂಚುವವರೇ. ನಮ್ಮ ತಕರಾರು ಬೇರೆ ಇದೆ. ‘ನಾನು ಈಚೆಗೆ ಕಂಡುಹಿಡಿದ ಇಂಡಿ ಹಾಡುಗಳು’ ಅಂತ ಒಂದು ತಲೆಬರಹ ಕೊಟ್ಟು, ಹತ್ತೋ ಹದಿನೈದೋ ಹಾಡು ಪೋಣಿಸಿ, ಫೋನಿಂದ ಫೋನಿಗೆ ದಾಟಿಸುವ ಶೋಕಿ ನಮ್ಮ ಓದಿದ ಹುಡುಗರಲ್ಲಿ, ಅದರಲ್ಲೂ ಪೇಟೆ ಸೇರಿದವರಲ್ಲಿ, ಜೋರಾಗಿ ಹಬ್ಬಿದೆ. ಕಂಡುಹಿಡಿದರಂತೆ! ಕೊಲಂಬಸ್ ಅಮೆರಿಕವನ್ನು ಕಂಡುಹಿಡಿದ ಹಾಗೆ. ಅವನು ದಡ ಮುಟ್ಟುವ ಮೊದಲೇ ಅಲ್ಲಿ ಜನ ಒಲೆ ಹಚ್ಚಿ, ಮಕ್ಕಳು ಹೆತ್ತು, ಸತ್ತವರಿಗೆ ಅತ್ತು ಬದುಕಿದ್ದರು. ಅದು ಲೆಕ್ಕಕ್ಕೆ ಬರಲಿಲ್ಲ. ಉತ್ತರ ಚೆನ್ನೈನ ಕೇರಿಗಳಲ್ಲಿ ಸಾವಿನ ಮನೆಯ ಮುಂದೆ ರಾತ್ರಿ ಕಳೆಯುತ್ತ ಹಾಡಿಕೊಂಡು ಬಂದ ಗಾನಾ, ಮುಂಬೈ ಚಾಳುಗಳಲ್ಲಿ ಭೀಮ ಜಯಂತಿಗೆ ಹಾಡಿಕೊಂಡು ಬಂದ ಶಾಹಿರಿ, ನಮ್ಮ ಕೋಲಾರದ ತಮಟೆ, ಇವನ್ನೆಲ್ಲ ಮೊನ್ನೆ ಯಾರೋ ಇಯರ್‌ಫೋನು ಸಿಕ್ಕಿಸಿಕೊಂಡು ಕಂಡುಹಿಡಿದರು ಅಂದರೆ ನಗಬೇಕೋ ಅಳಬೇಕೋ.

ಮೊದಲು ಈ ‘ಇಂಡಿ’ ಎಂಬ ಮಾತನ್ನೇ ಹಿಡಿಯೋಣ. ನಮ್ಮಲ್ಲಿ ಇಂಡಿ ಅಂದರೆ ವಿಜಯಪುರ ಜಿಲ್ಲೆಯ ತಾಲ್ಲೂಕು, ನಿಂಬೆಹಣ್ಣಿಗೆ ಹೆಸರಾದದ್ದು. ಇವರ ಇಂಡಿ ಇಂಗ್ಲಿಷಿನ ಇಂಡಿಪೆಂಡೆಂಟನ್ನು ಮೊಟಕು ಮಾಡಿಕೊಂಡದ್ದು. ಸ್ವತಂತ್ರ ಸಂಗೀತ ಅಂತ ಅರ್ಥ. ಯಾರಿಂದ ಸ್ವತಂತ್ರ? ದೊಡ್ಡ ಕಂಪನಿಗಳಿಂದ. ಹುಟ್ಟಿದಾಗ ಈ ಮಾತಿಗೆ ಮರ್ಯಾದೆ ಇತ್ತು. 1977ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಜ್‌ಕಾಕ್ಸ್ ಎಂಬ ತಂಡದ ಹುಡುಗರು ಗೆಳೆಯರಿಂದ, ಮನೆಯವರಿಂದ 500 ಪೌಂಡು ಕೈಗಡ ಮಾಡಿ, ತಮ್ಮ ನಾಲ್ಕು ಹಾಡುಗಳ ತಟ್ಟೆಯನ್ನು ತಾವೇ ಒತ್ತಿಸಿ ಮಾರಿದರು. ಕಂಪನಿಯ ಬಾಗಿಲಲ್ಲಿ ಕಾಯದೆಯೂ ಹಾಡು ಜನರ ಹತ್ತಿರ ಹೋಗುತ್ತದೆ ಎಂದು ತೋರಿಸಿದರು. ಅದೇ ಮಾತು ನಮ್ಮ ದೇಶಕ್ಕೆ ಬಂದು, ಇಂಗ್ಲಿಷ್ ಮೀಡಿಯಂ ಶಾಲೆ, ಅಪ್ಪ ಕೊಡಿಸಿದ ಗಿಟಾರು, ಬೆಂಗಳೂರಿನ ಬಾರು ಇಷ್ಟು ಉಳ್ಳವರ ಸೊತ್ತಾಯಿತು. ಎಲ್ಲರೂ ಹಾಗೆಂದು ನಾವು ಹೇಳುವುದಿಲ್ಲ. ಕಷ್ಟಪಟ್ಟು ಹಾಡು ಕಟ್ಟುವವರು ಅಲ್ಲೂ ಇದ್ದಾರೆ. ಆದರೆ ಕಂಪನಿಯಿಂದ ಸ್ವತಂತ್ರರಾದ ಎಷ್ಟೋ ಜನ ಅಪ್ಪನ ಜಮೀನಿನಿಂದ ಸ್ವತಂತ್ರರಾಗಿಲ್ಲ ಎನ್ನುವುದೂ ಸುಳ್ಳಲ್ಲ.

ಲೆಕ್ಕ ಸರಿಯಾಗಿ ಹಾಕಿದರೆ ಈ ಹೆಸರಿಗೆ ಮೊದಲ ಹಕ್ಕುದಾರರು ಯಾರು? ಸಿದ್ಧಲಿಂಗಯ್ಯನವರ ‘ಹೊಲೆ ಮಾದಿಗರ ಹಾಡು’ 1975ರಲ್ಲಿ ಪುಸ್ತಕವಾಗಿ ಬಂತು. ಪುಸ್ತಕ ಕೊಳ್ಳಲಾಗದವರ, ಓದಲು ಬಾರದವರ ನಾಲಿಗೆಗೂ ಆ ಪದಗಳು ಹತ್ತಿದವು. ಯಾವ ಕಂಪನಿ ಹಂಚಿತು? ಜಾಥಾಗಳು ಹಂಚಿದವು, ಹಾಸ್ಟೆಲಿನ ಕೋಣೆಗಳು ಹಂಚಿದವು. ಮಹಾರಾಷ್ಟ್ರದಲ್ಲಿ ವಾಮನದಾದಾ ಕರ್ಡಕ್ ಊರೂರು ಅಲೆದು ಬಾಬಾಸಾಹೇಬರ ಮಾತನ್ನು ಹಾಡು ಮಾಡಿ ಹಂಚುತ್ತ ಮುದುಕರಾಗಿ, 2004ರಲ್ಲಿ ತೀರಿಕೊಂಡರು. ಇವರನ್ನು ಯಾರೂ ಇಂಡಿ ಅನ್ನಲಿಲ್ಲ. ಅನ್ನುವುದೂ ಬೇಡ ಬಿಡಿ.

ಕಳೆದ ಬೇಸಗೆ ರಜೆಯಲ್ಲಿ ನಾವು ಆರೇಳು ಜನ, ಹಳ್ಳಿ ಶಾಲೆಯ ಮೇಷ್ಟರು, ಹಾಸ್ಟೆಲ್ ಹುಡುಗರು, ಅಂಗನವಾಡಿಯ ಅಕ್ಕ ಒಬ್ಬರು, ಕೂತು 13 ಹಾಡುಗಳ ಒಂದು ಬುತ್ತಿ ಕಟ್ಟಿದೆವು. ಬುತ್ತಿ ಎನ್ನುವುದು ನಮ್ಮ ಮಾತು. ಅವರು ಮಿಕ್ಸ್ ಅನ್ನುತ್ತಾರೆ, ಅನ್ನಲಿ. ಎಲ್ಲವೂ ನಮ್ಮ ಕಿವಿಗೆ ಈಚೆಗೆ ಬಿದ್ದವು. ಚೆನ್ನೈನ ‘ದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡದ್ದು ಮೂರು. ಸಿನಿಮಾ ನಿರ್ದೇಶಕ ಪಾ. ರಂಜಿತ್, ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ ಈ ತಂಡ 2018ರ ಜನವರಿ 6ರಂದು ಮೊದಲ ಸಲ ವೇದಿಕೆ ಹತ್ತಿತು. ತಂಡಕ್ಕೆ ಹೆಸರು ಬಂದದ್ದು ‘ಜಾತಿಯಿಲ್ಲದ ತಮಿಳರು’ ಎಂದು ನೂರು ವರ್ಷಕ್ಕೂ ಹಿಂದೆಯೇ ಹೇಳಿದ ಪಂಡಿತ ಅಯೋತ್ತಿದಾಸರಿಂದ. ಮೀಸಲಾತಿಯನ್ನು ಹಂಗಿಸುವವರಿಗೆ ಒಂದು ಹಾಡು, ದನದ ಮಾಂಸ ತಿನ್ನುವವರನ್ನು ಬೆದರಿಸುವವರಿಗೆ ಒಂದು ಹಾಡು. ಹೆಣ ಬಿದ್ದಾಗ ಬಡಿಯಲಿಕ್ಕೆಂದು ಊರು ಕಟ್ಟುಮಾಡಿದ್ದ ಪರೆ ಅಲ್ಲಿ ಗಿಟಾರಿನ ಪಕ್ಕ ತಲೆಯೆತ್ತಿ ನಿಂತಿದೆ. ಜಲಂಧರದ ಗಿನ್ನಿ ಮಾಹಿಯವರ 2016ರ ‘ಡೇಂಜರ್ ಚಮಾರ್’ ಒಂದು. ಕಾಲೇಜಿನಲ್ಲಿ ಜೊತೆಯ ಹುಡುಗಿ ಜಾತಿ ಕೇಳಿ, ಅಯ್ಯೋ ಅವರು ಡೇಂಜರ್ ಅಂದಳಂತೆ. ಆ ಬೈಗುಳವನ್ನೇ ಎತ್ತಿಕೊಂಡು ಹಾಡಿನ ಕಿರೀಟ ಮಾಡಿದರು ಈ ಹುಡುಗಿ. ಒಡಿಶಾದ ಕೊರಾಪುಟ್‌ನಿಂದ ಬಂದ ಸುಮೀತ್ ಸಮೋಸ್ ಅವರ ರ‍್ಯಾಪ್, ಪುಣೆಯ ಶೀತಲ್ ಸಾಠೆಯವರ ಕಂಠ, ನಮ್ಮ ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಅವರ ಕಂಠ. ಇನ್ನುಳಿದವನ್ನು ಇಲ್ಲಿ ಪಟ್ಟಿ ಮಾಡುವುದಿಲ್ಲ.

ಬುತ್ತಿಯ ಜೊತೆಗೆ ಒಂದು ಹಾಳೆ ಇಟ್ಟಿದ್ದೆವು. ಪದ ಯಾರದು, ದನಿ ಯಾರದು, ವಾದ್ಯ ಯಾರದು, ಯಾವ ಊರು, ಯಾವ ವರ್ಷ, ಹಾಡು ಏನು ಹೇಳುತ್ತದೆ ಎಂದು ಕನ್ನಡದಲ್ಲಿ ನಾಲ್ಕು ಸಾಲು. ತಮಿಳು ಪಂಜಾಬಿ ಅರ್ಥವಾಗದವರಿಗೂ ಇದು ಬೇಕಾಗಿತ್ತು. ಒಬ್ಬ ಸ್ನೇಹಿತರು, ಒಳ್ಳೆಯವರೇ, ‘ಹಾಡು ಚೆನ್ನಾಗವೆ ಕಣ್ರೀ, ಈ ಹಾಳೆ ಯಾಕೆ? ಸಂಗೀತಕ್ಕೆ ಜಾತಿ ಉಂಟಾ?’ ಅಂದರು. ಹಾಳೆ ಬಿಟ್ಟು ಹಾಡುಗಳನ್ನಷ್ಟೇ ಮುಂದಕ್ಕೆ ಕಳಿಸಿದರು. ತಿಂಗಳೊಳಗೆ ಅದೇ 13 ಹಾಡು ಅದೇ ಸಾಲಿನಲ್ಲಿ ತಿರುಗಿ ನಮ್ಮ ಫೋನಿಗೇ ಬಂದವು. ಹಾಡಿದವರ ಹೆಸರು ಒಂದೂ ಇರಲಿಲ್ಲ. ಪಟ್ಟಿ ಮಾಡಿದವರ ಹೆಸರು ಮಾತ್ರ ದಪ್ಪಕ್ಷರದಲ್ಲಿತ್ತು. ಅದು ನಮ್ಮ ಹೆಸರೂ ಅಲ್ಲ, ಆ ಸ್ನೇಹಿತರದೂ ಅಲ್ಲ, ಮತ್ತ್ಯಾರದೋ.

ಸಂಗೀತಕ್ಕೆ ಜಾತಿ ಇಲ್ಲ ಎನ್ನುವ ಮಾತಿಗೆ ಇಲ್ಲಿಯೇ ಉತ್ತರ ಕೊಡಬೇಕಾಗಿದೆ. ಈ ದೇಶದಲ್ಲಿ ಹೆಸರು, ಊರು, ಕುಲ ಇವುಗಳ ಲೆಕ್ಕವನ್ನು ಅತ್ಯಂತ ಕಟ್ಟುನಿಟ್ಟಾಗಿ ಇಟ್ಟವರೇ ಸಂಗೀತದವರು. ಕರ್ನಾಟಕ ಸಂಗೀತದ ವಿದ್ವಾಂಸರ ಹೆಸರು ಊರಿನಿಂದಲೇ ಶುರು: ಅರಿಯಾಕುಡಿ, ಸೆಮ್ಮಂಗುಡಿ, ಮೈಸೂರು. ಹಿಂದೂಸ್ತಾನಿಗೆ ಹೋದರೆ ಕಿರಾಣಾ, ಗ್ವಾಲಿಯರ್, ಜೈಪುರ ಎಂದು ಘರಾಣೆ. ಯಾರ ಶಿಷ್ಯರ ಶಿಷ್ಯರು ಎನ್ನುವುದನ್ನು ಹೇಳದೆ ಕಛೇರಿಯೇ ಶುರುವಾಗುವುದಿಲ್ಲ. ನಾವದನ್ನು ಆಡಿಕೊಳ್ಳುತ್ತಿಲ್ಲ. ಅದು ಒಳ್ಳೆಯ ಪದ್ಧತಿ. ಗುರುವನ್ನು ನೆನೆಯುವುದು ಒಳ್ಳೆಯದು. ಕೇರಿಯ ಹಾಡಿನ ಸರದಿ ಬಂದಾಗ ಮಾತ್ರ ಹೆಸರು ಯಾಕೆ, ಊರು ಯಾಕೆ, ಹಾಡು ಎಲ್ಲರದ್ದು ಎಂಬ ಔದಾರ್ಯ ಹುಟ್ಟುತ್ತದಲ್ಲ, ಅದರ ತಂತ್ರವೇನು ಸ್ವಾಮಿ? ತಮ್ಮ ಹೊಲಕ್ಕೆ ಬೇಲಿ, ನಮ್ಮ ಹೊಲ ಗೋಮಾಳ.

ಹೆಸರಿನ ಆಸೆ ಅಹಂಕಾರ ಎನ್ನುವವರೂ ಇದ್ದಾರೆ. ನಮ್ಮ ವಚನಕಾರರು, ತತ್ವಪದಕಾರರು ಪದದ ಒಳಗೇ ಅಂಕಿತ ಇಡುತ್ತಿದ್ದರು. ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಚಮ್ಮಾರಿಕೆಯ ಉಳಿ, ಕತ್ತಿಗಳೇ ಇವೆ. ಅದು ಅಹಂಕಾರವೋ? ಇದು ನನ್ನ ಕೈಯ ಕೆಲಸ, ಇದಕ್ಕೆ ನಾನು ಜವಾಬ್ದಾರ ಎನ್ನುವ ದುಡಿಮೆಗಾರನ ಮಾತು ಅದು.

ಅಂಕಿತ ಕದಿಯುವುದು ಹೇಗೆಂದು ತಿಳಿಯಬೇಕಾದರೆ ಅಮೆರಿಕದ ಕರಿಯರ ಕಡೆ ನೋಡಬೇಕು. ಮಿಕ್ಸ್ ಟೇಪು ಎಂಬ ಮಾತನ್ನು ಬೆಳೆಸಿದವರಲ್ಲಿ ಅವರೇ ಮುಂದು. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ವಠಾರಗಳಲ್ಲಿ 1973ರ ಸುಮಾರಿಗೆ ಹಿಪ್‌ಹಾಪ್ ಹುಟ್ಟಿತು. ಕಂಪನಿಗಳು ಆ ಕಡೆ ತಲೆ ಹಾಕಿರಲಿಲ್ಲ. ಕೂಟಗಳಲ್ಲಿ ಹಾಡಿದ್ದನ್ನು ಕ್ಯಾಸೆಟ್ಟಿಗೆ ಹಿಡಿದು, ಆ ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸಿ, ಗೆಳೆಯರಿಂದ ಗೆಳೆಯರಿಗೆ ಹೋಗುತ್ತಿತ್ತು. ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಹುಡುಗ ಆಗ ಒಳ್ಳೆಯ ಪದಕಾರ. ಅವನಿಗೆ ಪರಿಚಯದ ಹ್ಯಾಂಕ್ ಎಂಬಾತ ನ್ಯೂಜೆರ್ಸಿಯ ಒಂದು ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕ್ಯಾಜ್‌ನ ಟೇಪು ಹಾಕಿಕೊಂಡು, ಅದರ ಜೊತೆಗೆ ತಾನೂ ಹೇಳುತ್ತ ಹಿಟ್ಟು ತಟ್ಟುತ್ತಿದ್ದ. ಒಬ್ಬ ರೆಕಾರ್ಡ್ ಕಂಪನಿಯ ಒಡತಿ ಇದನ್ನು ಕೇಳಿ, ಇವನೇ ಹಾಡುಗಾರ ಎಂದು ಕರೆದೊಯ್ದರು. ಹ್ಯಾಂಕ್ ಕ್ಯಾಜ್‌ನ ಪದಗಳ ಪುಸ್ತಕ ಕೇಳಿ ಪಡೆದು ಹಾಡಿಬಿಟ್ಟ. 1979ರ ‘ರ‍್ಯಾಪರ್ಸ್ ಡಿಲೈಟ್’ ಹೀಗೆ ಬಂತು. ಲೋಕವೆಲ್ಲ ಕುಣಿಯಿತು. ಕ್ಯಾಜ್‌ಗೆ ಹೆಸರೂ ಬರಲಿಲ್ಲ, ಹಣವೂ ಬರಲಿಲ್ಲ. ತಮಾಷೆ ನೋಡಿ, ಕ್ಯಾಜ್ ತನ್ನ ಅಡ್ಡಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಪದದಲ್ಲಿ ಇಟ್ಟಿದ್ದ, ನಮ್ಮ ಅಂಕಿತದ ಹಾಗೆ. ಹ್ಯಾಂಕ್ ಅದನ್ನೂ ಬದಲಿಸದೆ ಹಾಗೇ ಹೇಳಿದ. ಕದ್ದ ಎತ್ತಿನ ಮೈಮೇಲೆ ಒಡೆಯ ಹಾಕಿದ ಬರೆ ಇವತ್ತಿಗೂ ಹಾಗೇ ಇದೆ, ಯಾರು ಬೇಕಾದರೂ ಕೇಳಬಹುದು. ಗೆಳೆತನದಲ್ಲಿ ಹಂಚಿದ ಹಾಡು, ಗೆಳೆಯನ ಕೈಯಿಂದಲೇ ಹೋಯಿತು.

ದೂರದ್ದೇಕೆ, ನಮ್ಮ ನೆರೆಯದ್ದೇ ಇದೆ. 2021ರ ಮಾರ್ಚಿನಲ್ಲಿ ಬಂದ ‘ಎಂಜಾಯ್ ಎಂಜಾಮಿ’ ತಮಿಳು ಹಾಡನ್ನು ಕೇಳದವರು ಕಡಿಮೆ. ನಮ್ಮ ಮದುವೆ ಮನೆಗಳಲ್ಲೂ ಅದಕ್ಕೆ ಕುಣಿದರು. ಪದ ಬರೆದು ಧೀಯವರ ಜೊತೆ ಹಾಡಿದವರು ಅರಿವು, ಮೇಲೆ ಹೇಳಿದ ಚೆನ್ನೈ ತಂಡದವರೇ. ಅವರ ಅಜ್ಜಿ ವಳ್ಳಿಯಮ್ಮಾಳ್ ಶ್ರೀಲಂಕಾದ ಚಹಾ ತೋಟಗಳಲ್ಲಿ ಬೆನ್ನು ಬಗ್ಗಿಸಿ ದುಡಿದವರು. ಭೂಮಿಯೆಲ್ಲ ಹಸಿರು ಮಾಡಿದವರಿಗೆ ಅಂಗೈಯಗಲ ಭೂಮಿ ಇಲ್ಲವಾದ ಕತೆ ಆ ಹಾಡಿನ ಒಡಲು. ಈ ಕತೆ ಕರ್ನಾಟಕದ್ದೂ ಹೌದು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಮಾಡಿಕೊಂಡ ಒಪ್ಪಂದದಲ್ಲಿ 5,25,000 ತೋಟದ ಕೂಲಿಗಳನ್ನು, ಅವರನ್ನೊಂದು ಮಾತೂ ಕೇಳದೆ, ಭಾರತಕ್ಕೆ ಎಂದು ಬರೆದುಬಿಟ್ಟರು. ಹಾಗೆ ಬಂದವರಲ್ಲಿ ಕೆಲವರನ್ನು ನಮ್ಮ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಿಗೆ ತಂದು ಹಾಕಿದರು. ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಎಂಜಾಮಿಗೆ ಕುಣಿದ ನಮ್ಮ ಮದುವೆ ಮನೆಗಳಲ್ಲಿ ಇದು ಎಷ್ಟು ಜನಕ್ಕೆ ಗೊತ್ತಿತ್ತು?

ಹಾಡು ಗೆದ್ದ ಮೇಲೆ ಏನಾಯಿತು? ಅದೇ ವರ್ಷದ ಆಗಸ್ಟಿನಲ್ಲಿ ‘ರೋಲಿಂಗ್ ಸ್ಟೋನ್ ಇಂಡಿಯಾ’ ಪತ್ರಿಕೆ ತಮಿಳಿನ ಹೊಸ ಸಂಗೀತವನ್ನು ಕೊಂಡಾಡುತ್ತ ಮುಖಪುಟದಲ್ಲಿ ಧೀ ಮತ್ತು ಶಾನ್ ವಿನ್ಸೆಂಟ್ ಡಿ ಪಾಲ್ ಇಬ್ಬರ ಚಿತ್ರ ಹಾಕಿತು. ಇಬ್ಬರ ಹಾಡಿಗೂ ಪದ ಕೊಟ್ಟ ಅರಿವು ಕಾಣಲಿಲ್ಲ. ಪಾ. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ, ಜನ ಕೂಗೆಬ್ಬಿಸಿದ ಮೇಲೆ, ಅರಿವು ಅವರನ್ನೂ ಮುಖಪುಟಕ್ಕೆ ತಂದರು. 2022ರ ಜುಲೈ 28ರಂದು ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಅದೇ ಹಾಡು, ಅರಿವು ಇಲ್ಲದೆ. ಅದರ ಮೇಲೆ ಯಾರ ಶ್ರಮ ಎಷ್ಟು ಎಂದು ಅವರವರಲ್ಲೇ ಮಾತು ಬೆಳೆಯಿತು. ಧೀಯವರನ್ನು ನಾವು ದೂರುವುದಿಲ್ಲ, ಅರಿವು ಅವರ ಪಾಲನ್ನು ಅವರು ಬಾಯಿಬಿಟ್ಟು ಹೇಳಿದ್ದಾರೆ. 2024ರ ಮಾರ್ಚಿನಲ್ಲಿ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ ಅವರೇ ಮುಂದೆ ಬಂದು, ಮೂರು ವರ್ಷವಾದರೂ ತಮಗ್ಯಾರಿಗೂ ಒಂದು ಪೈಸೆ ಬಂದಿಲ್ಲ ಅಂದರು. ಕೋಟಿಗಟ್ಟಲೆ ಜನ ಕೇಳಿದ ಹಾಡಿನ ಗತಿ ಇದು. ಸ್ವತಂತ್ರ ಸಂಗೀತ ಎಂದು ಬಾವುಟ ಹಾರಿಸಿದ ಹಾಡಿನದು.

ಇನ್ನು ನಮ್ಮ ಕನ್ನಡದ ಮನೆ. ಇಲ್ಲಿ ಹೆಸರು ಅಳಿಸಲು ಒಂದೇ ಮಾತು ಸಾಕು, ‘ಜನಪದ’. ನಾಟಿ ಹಾಕುತ್ತ, ಬೀಸುತ್ತ, ಸೂತಕದ ಮನೆಯಲ್ಲಿ ಅಳುತ್ತ ಹೆಣ್ಣುಮಕ್ಕಳು ಕಟ್ಟಿದ ಪದಗಳನ್ನು ವಿದ್ವಾಂಸರು ಬರೆದುಕೊಂಡರು. ಬರೆದುಕೊಂಡದ್ದು ಉಪಕಾರವೇ. ಆದರೆ ಎಷ್ಟೋ ಸಂಗ್ರಹಗಳ ಹೊದಿಕೆಯ ಮೇಲೆ ಸಂಪಾದಕರ ಹೆಸರು, ಪದವಿ, ಒಳಗೆ ಹಾಡಿದಾಕೆ ಬರೀ ‘ಒಬ್ಬ ಮುದುಕಿ’. ಆಮೇಲೆ ಕ್ಯಾಸೆಟ್ಟು ಬಂತು, ಕ್ಯಾಸೆಟ್ಟಿನ ಮೇಲೆ ‘ಸಾಂಪ್ರದಾಯಿಕ’ ಎಂದು ಬಂತು. ಸಾಂಪ್ರದಾಯಿಕ ಅಂದರೆ ಯಾರಿಗೂ ದುಡ್ಡು ಕೊಡಬೇಕಿಲ್ಲ ಅಂತ ಕನ್ನಡ. 2012ರಲ್ಲಿ ಕೃತಿಸ್ವಾಮ್ಯದ ಕಾಯಿದೆಗೆ ತಿದ್ದುಪಡಿ ತಂದು, ಪದ ಬರೆದವರ ಮತ್ತು ರಾಗ ಹಾಕಿದವರ ರಾಯಲ್ಟಿಯ ಪಾಲನ್ನು ಯಾವ ನಿರ್ಮಾಪಕನೂ ಬರೆಸಿಕೊಂಡು ನುಂಗುವಂತಿಲ್ಲ ಎಂದು ಮಾಡಿದ್ದಾರೆ. ಸರಿಯೇ. ಕಾಯಿದೆ ಹೆಸರಿದ್ದವರಿಗೆ ಪಾಲು ಕೊಡಿಸಬಹುದು, ‘ಒಬ್ಬ ಮುದುಕಿ’ಗೆ ಯಾವ ವಿಳಾಸಕ್ಕೆ ಕಳಿಸುತ್ತದೆ?

ಹೊರಗಿನವರನ್ನು ಬೈದು ಕೂತರೆ ಆಗಲಿಲ್ಲ. ಚಳುವಳಿಯವರು ಮಾಡುವುದೇನು? ಸಭೆ ಹತ್ತು ಗಂಟೆಗೆಂದು ಕರಪತ್ರ, ಸಾಹೇಬರು ಹನ್ನೆರಡಕ್ಕೆ ಬರುತ್ತಾರೆ. ಅಲ್ಲಿಯತನಕ, ‘ಒಂದೆರಡು ಹಾಡು ಹೇಳ್ತಾ ಇರ‍್ರಪ್ಪಾ’. ಗಂಟಲು ಹರಿಯುವಂತೆ ಹಾಡುತ್ತಾರೆ. ಕಾರಿನ ಸದ್ದು ಕೇಳಿದ್ದೇ ತಡ, ಪದ ನಡುವಿಗೇ ಕಟ್. ಕರಪತ್ರದಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಸ್ವಾಗತ ಮಾಡುವವರು, ವಂದನೆ ಹೇಳುವವರು ಎಲ್ಲರ ಹೆಸರೂ ಇದ್ದು ಕೊನೆಗೆ ‘ಕ್ರಾಂತಿಗೀತೆಗಳು: ಸಂಗಡಿಗರಿಂದ’. ಸಂಗಡಿಗರಿಗೆ ಅಪ್ಪ ಅಮ್ಮ ಇಟ್ಟ ಹೆಸರಿಲ್ಲವೆ? ಬಸ್ ಚಾರ್ಜು ಕೇಳಿದರೆ ‘ಚಳುವಳಿಗೆ ದುಡ್ಡು ಕೇಳ್ತಾನೆ ನೋಡು’ ಅನ್ನುತ್ತಾರೆ. ಇದೇ ಜನ ಪುರೋಹಿತಶಾಹಿಯ ವಿರುದ್ಧ ಎರಡು ಗಂಟೆ ಮಾತಾಡಬಲ್ಲರು.

ಹಾಗಾದರೆ ನೀವು ಹಾಡು ನಕಲು ಮಾಡಿ ಹಂಚಿದ್ದೂ ಕಳ್ಳತನವಲ್ಲವೆ ಎಂದು ಕೇಳಬಹುದು. ಕೇಳಲಿ. 1981ರಲ್ಲಿ ಬ್ರಿಟನ್ನಿನ ರೆಕಾರ್ಡ್ ಕಂಪನಿಗಳ ಸಂಘವೂ ಇದನ್ನೇ ಕೇಳಿತು. ಮನೆಯಲ್ಲಿ ಕ್ಯಾಸೆಟ್ಟು ತುಂಬಿಸಿದರೆ ಸಂಗೀತ ಸಾಯುತ್ತದೆ ಎಂದು, ಕ್ಯಾಸೆಟ್ಟನ್ನೇ ತಲೆಬುರುಡೆಯ ಹಾಗೆ ಬರೆಸಿ, ಕೆಳಗೆ ಎಲುಬು ಇಡಿಸಿ ಹೆದರಿಸಿತು. ಸಂಗೀತ ಸಾಯಲಿಲ್ಲ. ಕಂಪನಿ ನೆರಳಿಗೆ ಬಾರದ ಹಾಡುಗಳು ನಮ್ಮಂಥವರ ತನಕ ಬಂದದ್ದೇ ನಕಲಿನಿಂದ. ಹಾಗಂತ ಹಾಡುವವರ ಹೊಟ್ಟೆಯ ಮಾತು ಸುಳ್ಳಾಗುವುದಿಲ್ಲ. ಇವತ್ತು ತಿಂಗಳ ಚಂದಾ ಕಟ್ಟಿ ಕೇಳುವ ಆ್ಯಪುಗಳಿವೆ. ನಾವು ಚಂದಾ ಕಟ್ಟಿದ್ದೇವೆ, ಋಣ ತೀರಿತು ಎಂದು ಕೆಲವರು ನಿರಾಳವಾಗಿದ್ದಾರೆ. ಸ್ಪಾಟಿಫೈ ಲೆಕ್ಕ ಕೇಳಿ. ನೀವು ತಿಂಗಳಿಡೀ ಒಬ್ಬ ಶಾಹಿರನನ್ನೇ ಕೇಳಿದರೂ ನಿಮ್ಮ ಹಣ ನೇರ ಅವನಿಗೆ ಹೋಗುವುದಿಲ್ಲ. ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ದೊಡ್ಡವರ ಪಾಲು ದೊಡ್ಡದಾಗಿ, ಸಣ್ಣವರದು ಸಣ್ಣದಾಗಿ ಹಂಚಿಕೆಯಾಗುತ್ತದೆ. ಸಾಲದ್ದಕ್ಕೆ 2024ರಿಂದ ಇನ್ನೊಂದು ನಿಯಮ: ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ಏನೂ ಇಲ್ಲ. 999 ಸಲ ಕೇಳಿದರೂ ಸೊನ್ನೆ. ಆ ಚಿಲ್ಲರೆ ಮಿಕ್ಕವರಿಗೆ ಸೇರುತ್ತದೆ. ಒಂದು ತಾಲ್ಲೂಕಿನ ಹಾಡುಗಾರನಿಗೆ ಒಂಬೈನೂರು ಕಿವಿ ಅಂದರೆ ಒಂದು ಜಾತ್ರೆ. ಆ್ಯಪಿಗೆ ಅದು ಕಸ.

ಹೆಸರು ಹೇಳುವುದರಲ್ಲಿ ಒಂದು ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಹೆಸರು ಪೊಲೀಸರಿಗೂ ಬೇಕು. ಪುಣೆಯ ಕಬೀರ್ ಕಲಾ ಮಂಚ್‌ನ ಶೀತಲ್ ಸಾಠೆ ಮತ್ತು ಸಚಿನ್ ಮಾಳಿ 2013ರಲ್ಲಿ ಜೈಲು ಕಂಡರು. ಆಗ ಶೀತಲ್ ಬಸುರಿ. 2020ರ ಸೆಪ್ಟೆಂಬರಿನಲ್ಲಿ ಅದೇ ತಂಡದ ಸಾಗರ್ ಗೋರ್ಖೆ, ರಮೇಶ್ ಗಾಯಚೋರ್, ಜ್ಯೋತಿ ಜಗತಾಪ್ ಅವರನ್ನು ಎಲ್ಗಾರ್ ಪರಿಷತ್ ಮೊಕದ್ದಮೆಯಲ್ಲಿ ಹಿಡಿದು, ವಿಚಾರಣೆ ಮುಗಿಸದೆ ವರ್ಷಗಟ್ಟಲೆ ಒಳಗಿಟ್ಟರು. 1997ರ ಜುಲೈನಲ್ಲಿ ಮುಂಬೈನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ 10 ಜನರನ್ನು ಕೊಂದಾಗ, ಹಾಡುಗಾರ ವಿಲಾಸ್ ಘೋಗ್ರೆ ಆ ದುಃಖ ತಾಳದೆ ನೇಣು ಹಾಕಿಕೊಂಡರು. ಈ ಹಾಡುಗಳು ಬಂದದ್ದು ಇಂಥ ಎದೆಗಳಿಂದ. ಹೀಗಿರುವಾಗ ತಾವೇ ಹೆಸರು ಮರೆಸಿಕೊಂಡಿರುವ ಹಾಡುಗಾರರಿದ್ದರೆ ಅದು ಅವರ ಹಕ್ಕು, ಅವರನ್ನು ಕೇಳಿಯೇ ಬರೆಯಬೇಕು. ಹೆಸರಿಟ್ಟು ಹಾಡಿ ಬೆಲೆ ತೆತ್ತವರ ಹೆಸರನ್ನು, ಪಟ್ಟಿ ಉದ್ದವಾಗುತ್ತದೆ ಎಂದು ಕತ್ತರಿಸುವ ಅಧಿಕಾರ ಮಾತ್ರ ಯಾರಿಗೂ ಇಲ್ಲ.

‘ಗೆಳೆಯರಿಗಾಗಿ’ ಎಂದು ಈ ಪಟ್ಟಿಗಳ ತಲೆಯ ಮೇಲೆ ಬರೆದಿರುತ್ತದೆ. ಯಾರು ಈ ಗೆಳೆಯರು? ಒಂದೇ ಕಾಲೇಜು, ಒಂದೇ ಬಡಾವಣೆ, ಹುಡುಕುತ್ತ ಹೋದರೆ ಎರಡು ಮೂರು ಜಾತಿ. ನಮ್ಮ ಮನೆಯ ನೀರು ಕುಡಿಯದವರ ಫೋನಿನಲ್ಲಿ ನಮ್ಮ ಹಾಡು ಇದೆ. ಬಾಡಿಗೆಗೆ ಮನೆ ಕೇಳಲು ಹೋದಾಗ ‘ನೀವು ಯಾವ ಜನ?’ ಅಂದವರ ಮಗ ಒಳಗೆ ‘ಡೇಂಜರ್ ಚಮಾರ್’ ಹಾಕಿಕೊಂಡು ಕೂತಿದ್ದರೆ ಆ ಹಾಡು ಅಲ್ಲಿ ಏನು ಕೆಲಸ ಮಾಡಿತು? ಕೇಳಬೇಡಿ ಅಂತ ನಾವೆನ್ನುವುದಿಲ್ಲ. ಕೇಳಿ, ಆ ಮಗನೇ ಅಪ್ಪನಿಗೂ ಕೇಳಿಸಲಿ, ಹಾಳೆಯನ್ನೂ ಓದಿ ಹೇಳಲಿ. ನಮ್ಮ ಹುಡುಗರ ಪಾಡೂ ಇದಕ್ಕೆ ದೂರವಿಲ್ಲ. ಊರ ತಮಟೆ ಕೇಳಿದರೆ ನಾಚುವವರು, ಅದೇ ತಮಟೆ ಪೇಟೆಯಿಂದ ‘ಇಂಡಿ’ ಎಂಬ ಚೀಟಿ ಅಂಟಿಸಿಕೊಂಡು ಬಂದರೆ ಹಂಚುತ್ತಾರೆ. ಚಿಕ್ಕಬಳ್ಳಾಪುರ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ದೆಹಲಿಗೆ ಕೇಳಿಸಿದ್ದು ಪಕ್ಕದ ಬೀದಿಗೆ ಕೇಳಿಸುವುದು ಯಾವಾಗ?

ಮುಂದಿನ ಬುತ್ತಿಗೆ ಹಳ್ಳಿಯ ಮೇಷ್ಟರುಗಳು, ಹಾಸ್ಟೆಲ್ ಗೆಳೆಯರು ಹಾಡು ಕಳಿಸಬೇಕೆಂದು ಕೇಳುತ್ತಿದ್ದೇವೆ. ಫೋನಿನಲ್ಲಿ ಹಿಡಿದದ್ದಾದರೂ ಸರಿ, ಹಿಂದೆ ಕೋಳಿ ಕೂಗಿದರೂ ಸರಿ. ಹಾಡಿದವರ ಒಪ್ಪಿಗೆ ಕೇಳಿರಬೇಕು, ಹಾಳೆ ಜೊತೆಗಿರಬೇಕು. ಹಾಳೆ ಇಲ್ಲದ್ದನ್ನು ಸೇರಿಸುವುದಿಲ್ಲ.

ಬರುವ ಅಂಬೇಡ್ಕರ್ ಜಯಂತಿಗೆ ಪಕ್ಕದೂರಿನ ತಮಟೆಯವರನ್ನು ಕರೆಯಲು ಹೋಗಿದ್ದೆವು. ‘ಸಾಹೇಬ್ರು ಎಷ್ಟೊತ್ತಿಗೆ ಬತ್ತಾರೆ, ಅಲ್ಲೀಗಂಟ ಬಡೀಬೇಕಾ?’ ಎಂದು ಅಲ್ಲಿಯ ಹಿರಿಯರು ಕೇಳಿದರು. ಸಾಹೇಬರು ಯಾರೂ ಇಲ್ಲ, ಎರಡು ಗಂಟೆ ನಿಮ್ಮದೇ, ಕರಪತ್ರದಲ್ಲಿ ನಿಮ್ಮ ಏಳೂ ಜನರ ಹೆಸರು ಅಂದೆವು. ಬೀಡಿ ಆರುವ ತನಕ ಸುಮ್ಮನಿದ್ದು, ‘ಹಂಗಾದ್ರೆ ತಲೆಗೆ ಸಾವಿರ ಆಯ್ತದೆ, ಊಟ ನಿಮ್ದು, ಬರೋಕೋಗಕ್ಕೆ ಗಾಡಿ’ ಅಂದರು. ಒಪ್ಪಿ, ಎರಡು ಸಾವಿರ ಮುಂಗಡ ಕೊಟ್ಟು ಬಂದಿದ್ದೇವೆ. ಉಳಿದ ಐದು ಸಾವಿರಕ್ಕೆ ಚಂದಾ ಎತ್ತುತ್ತಿದ್ದೇವೆ.